ಬಾಯಿ ಬಿಡದ ಪಿರಿಯಡ್ಡು

“ಮೇಷ್ಟ್ರೇ, ಇವತ್ತೊಂದಿನ ಕ್ಲಾಸಲ್ಲಿ ಬಾಯಿ ಮುಚ್ಕೊಂಡಿರಿ,” ಎಂದು ಹೆಡ್‌ಮಿಸ್ಸು ಬೆಳಿಗ್ಗೆ ಬೆಳಿಗ್ಗೆಯೇ ಹೇಳಿದ್ದರಿಂದ ಇಷ್ಟೆಲ್ಲ ಆಯಿತು.

ಹಾಗಂತ ಹೆಡ್‌ಮಿಸ್ಸು ಒರಟು ಹೆಂಗಸಲ್ಲ. ಮೂರನೇ ಪಿರಿಯಡ್ಡಿಗೆ ಇನ್‌ಸ್ಪೆಕ್ಷನ್ ಸಾಹೇಬರು ಬರುವವರಿದ್ದರು. ಇಂಗ್ಲಿಷ್ ಕ್ಲಾಸಿನಲ್ಲಿ ಮಾತಾಡಬೇಕಾದವರು ಮಕ್ಕಳು, ಮೇಷ್ಟ್ರಲ್ಲ ಅನ್ನುವುದು ಅವರ ಹಠ. ಹೋದ ವಾರ ಇನ್ನೊಂದು ಶಾಲೆಯಲ್ಲಿ ವಟವಟ ಅಂದ ಮೇಷ್ಟ್ರೊಬ್ಬರನ್ನು ಪಾಠದಿಂದಲೇ ಬಿಡಿಸಿ ಸ್ಟೋರ್ ರೂಮಿಗೆ ಹಾಕಿದ್ದರಂತೆ.

ಹೆಡ್‌ಮಿಸ್ಸು ಹಾಗೆ ಹೇಳಿದ್ದು ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ. ಶಾಲೆಯಲ್ಲಿ ಅವರಿಗೆ ‘ರೇಡಿಯೋ’ ಎಂದೇ ಹೆಸರು. ಬೆಲ್ಲಿಗೆ ಶುರುವಾದರೆ ಮತ್ತೆ ಬೆಲ್ಲು ಹೊಡೆಯುವ ತನಕ ಅವರೊಬ್ಬರದೇ ಮಾತು. ಅದರಲ್ಲಿ ಪಾಠ ಕಾಲುಭಾಗ. ಉಳಿದದ್ದು ಮಂಡಿ ನೋವು, ಕೆಟ್ಟ ಗೀಸರು, ಒಬ್ಬರಿಗೇ ಅಂತ ಮಾಡಿದರೂ ಮಿಕ್ಕುವ ಅಡುಗೆ, ಎಲ್ಲವೂ ಅಚ್ಚ ಇಂಗ್ಲಿಷಿನಲ್ಲಿ. ಪಾಪ, ಅವರನ್ನೂ ಏನನ್ನೋಣ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ಮಾತಿಗೆ ‘ಹೂಂ’ ಅನ್ನುವವರು ಯಾರೂ ಇಲ್ಲ. ಶನಿವಾರ ಮಧ್ಯಾಹ್ನ ಮುಚ್ಚಿದ ಬಾಯಿ ಸೋಮವಾರ ಕ್ಲಾಸಿನಲ್ಲೇ ತೆರೆಯಬೇಕು. ಆ ಕ್ಲಾಸನ್ನೂ ಕಿತ್ತುಕೊಂಡರೆ ಯಾರ ಹತ್ತಿರ ಹೇಳಿಕೊಳ್ಳುವುದು?

“ಗಂಟಲು ಕಟ್ಟಿದೆ ಅಂದ್ಬಿಡಿ, ತಂಟೆನೇ ಇಲ್ಲ,” ಎಂದು ಡ್ರಾಯಿಂಗ್ ಮೇಷ್ಟ್ರು ಶಾಲೆಯ ನಾಟಕದ ಮಫ್ಲರು ತಂದು ಅವರ ಕೊರಳಿಗೆ ಸುತ್ತಿದರು.

“ಬರೀ ಕಟ್ಟಿದೆ ಅಂದ್ರೆ ಯಾರ್ರೀ ನಂಬ್ತಾರೆ? ಆಪರೇಷನ್ ಆಗಿದೆ ಅನ್ನಿ,” ಎಂದರು ಗಣಿತದ ಮೇಡಂ.

“ಆಪರೇಷನ್ ಆದೋರು ಹಿಂಗೆ ಗುಂಡುಕಲ್ಲಿನ ಹಾಗೆ ಇರ್ತಾರಾ? ಸ್ವಲ್ಪ ಕುಂಟಲಿ,” ಎಂದರು ಪಿ.ಟಿ. ಮೇಷ್ಟ್ರು.

“ಗಂಟಲಿಗೆ ಆಪರೇಷನ್ ಆದ್ರೆ ಕಾಲು ಯಾಕ್ರೀ ಕುಂಟ್ಬೇಕು?”

“ಒಟ್ನಲ್ಲಿ ಕಾಯಿಲೆ ಕಾಣ್ಬೇಕಲ್ಲ, ಮೇಡಂ.”

ಎರಡನೇ ಪಿರಿಯಡ್ಡಿನ ಹೊತ್ತಿಗೆ ಸುದ್ದಿ ರೆಕ್ಕೆಪುಕ್ಕ ಕಟ್ಟಿಕೊಂಡಿತು. ಜವಾನ ಹಬೆ ಹಿಡಿಯಲು ಬಿಸಿನೀರು ತಂದ. ಮೇಷ್ಟ್ರಿಗೆ ಇನ್ನು ಈ ಜನ್ಮದಲ್ಲಿ ಮಾತು ಬರುವುದಿಲ್ಲವೆಂದು ಆಯಾ ಕಣ್ಣೊರೆಸಿಕೊಂಡಳು. ಅವಳಿಗೆ ಸಮಾಧಾನ ಹೇಳಲು ಬಾಯಿ ತೆರೆದ ಮೇಷ್ಟ್ರನ್ನು ಎಲ್ಲರೂ ಸೇರಿ ಗದರಿದರು.

ಸಾಹೇಬರು ಬಂದರು. ಆಪರೇಷನ್ನಿನ ಕತೆ ಕೇಳಿ ಅಯ್ಯೋ ಪಾಪ ಎಂದರು. ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು. ಮೇಷ್ಟ್ರು ಮಫ್ಲರಿನೊಳಗೆ ಬೆವರುತ್ತಾ, ಮಕ್ಕಳಿಗೆ ‘ಮಾತಾಡಿ’ ಎಂದು ಕೈಸನ್ನೆ ಮಾಡಿದರು. ಮಕ್ಕಳು ಪಿಳಿಪಿಳಿ ನೋಡಿದವು. ಆ ಕ್ಲಾಸಿನಲ್ಲಿ ತಮ್ಮ ಸರದಿ ಎಂಬುದೊಂದಿದೆ ಅಂತಲೇ ಅವಕ್ಕೆ ಗೊತ್ತಿರಲಿಲ್ಲ.

ಕೊನೆಗೆ ಎರಡು ಜಡೆಯ ಹುಡುಗಿ ಎದ್ದು ನಿಂತಳು. “ಸರ್, ಥ್ರೋಟ್ ಪೇನ್? ಹೂ ಗಿವ್ ಹಾಟ್ ವಾಟರ್?”

“ಸರ್ ಹೌಸ್ ನೋಬಡಿ,” ಎಂದ ವರ್ಷವಿಡೀ ನಿದ್ದೆ ಹೊಡೆದಿದ್ದ ಹುಡುಗ. “ಗೀಸರ್ ಆಲ್ಸೋ ಬ್ಯಾಡ್.”

“ರಿಪೇರಿ ಮ್ಯಾನ್ ನೋ ಕಮ್. ಸರ್ ಟೋಲ್ಡ್.”

ಶುರುವಾಯಿತು ನೋಡಿ. ಸರ್ ಅಡುಗೆ ಕಡಿಮೆ ಮಾಡಬೇಕು ಎಂದು ಒಂದು ಸಾಲು, ಒಂದು ನಾಯಿ ಸಾಕಬೇಕು ಎಂದು ಇನ್ನೊಂದು ಸಾಲು.

“ಡಾಗ್ ನೋ ಟಾಕ್. ಪ್ಯಾರಟ್ ಗುಡ್.”

“ಸರ್ ಟಾಕ್, ಪ್ಯಾರಟ್ ನೋ ಚಾನ್ಸ್.”

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರಿಗೆ ಮಾತ್ರ ಅಳು ಬಂತು. ಇಷ್ಟು ದಿನ ತಾವು ಗೋಡೆಗೆ ಹೇಳಿಕೊಳ್ಳುತ್ತಿದ್ದೇವೆ ಎಂದೇ ತಿಳಿದಿದ್ದರು. ಈ ಮಕ್ಕಳು ಒಂದೊಂದನ್ನೂ ಕೇಳಿಸಿಕೊಂಡಿದ್ದವು. ಉತ್ತರ ಕೊಡಲು ನಾಲಿಗೆ ತುರಿಸಿತು, ಸಾಹೇಬರ ಮುಖ ನೋಡಿ ನುಂಗಿಕೊಂಡರು. ನಾಳೆ ಬಂದು ಎಲ್ಲ ಹೇಳಬೇಕು, ಇವರು ಹೇಳುವುದನ್ನೂ ಕೇಳಬೇಕು ಎಂದುಕೊಂಡರು. ನಾಳೆ ಬೇಗ ಬರಲಿ ಅನ್ನಿಸಿ ಎಷ್ಟು ವರ್ಷವಾಗಿತ್ತೋ.

ಹೆಡ್‌ಮಿಸ್ಸಿನ ರೂಮಿನಲ್ಲಿ, ಉಳಿದ ಮೇಷ್ಟ್ರು ಮೇಡಂಗಳ ಎದುರಿಗೇ, ಸಾಹೇಬರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. “ಗಂಟಲೇ ಇಲ್ದೆ ಕ್ಲಾಸ್ ಪೂರ್ತಿ ಇಂಗ್ಲಿಷ್ ಮಾತಾಡಿಸಿಬಿಟ್ರಲ್ರೀ, ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ. ನಿಮ್ಮಂಥವರು ಇಲ್ಲಿ ಕೊಳೀಬಾರದು. ನಾಳೆಯಿಂದ ನಮ್ಮ ಆಫೀಸಿಗೆ ಬಂದ್ಬಿಡಿ, ಪ್ರಶ್ನೆಪತ್ರಿಕೆ ತೆಗೆಯೋ ಕೆಲಸ. ಗುಟ್ಟಿನ ಕೆಲಸ ನೋಡಿ, ಮಹಡಿ ಮೇಲೆ ನಿಮಗೇ ಅಂತ ಒಂದು ರೂಮು. ಒಂದು ನರಪಿಳ್ಳೇನೂ ಆ ಕಡೆ ಸುಳಿಯಲ್ಲ.”

ಮೇಷ್ಟ್ರು ಮಫ್ಲರು ಕಿತ್ತೆಸೆದು “ಸಾರ್, ನನಗೆ…” ಎನ್ನುವಷ್ಟರಲ್ಲಿ ಡ್ರಾಯಿಂಗ್ ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದರು. “ಬೇಡಿ ಬೇಡಿ, ಹೊಲಿಗೆ ಬಿಚ್ಚಿಹೋದೀತು.” ಗಣಿತದ ಮೇಡಂ ಬಾಯಿಗೆ ಬಿಸಿನೀರು ಹುಯ್ದರು. ಪಿ.ಟಿ. ಮೇಷ್ಟ್ರು ಭುಜ ಒತ್ತಿ ಕುರ್ಚಿಯಲ್ಲಿ ಕೂರಿಸಿದರು.

“ಶ್ರಮ ಪಡ್ಬೇಡಿ, ನನಗೆ ಅರ್ಥವಾಯ್ತು,” ಎಂದು ಸಾಹೇಬರು ಅಕ್ಕರೆಯಿಂದ ನಕ್ಕರು. “ಮೌನಂ ಸಮ್ಮತಿ ಲಕ್ಷಣಂ ಅಂತ ಸುಮ್ನೆ ಹೇಳಿದಾರಾ?”

ಹಾಗೆನ್ನುತ್ತಾ ಮೇಷ್ಟ್ರ ವರ್ಗದ ಆರ್ಡರಿಗೆ ಸಹಿ ಹಾಕಿದರು.