ಲೇತಿನ ತಲೆಗೊಂದು ಉಣ್ಣೆ ಟೋಪಿ

ಡಿಸೆಂಬರಿನ ಚಳಿಗೆ ಹಲಸೂರಿನ ಜನರೆಲ್ಲ ತಂತಮ್ಮ ತಲೆಗೆ ಟೋಪಿ ಹಾಕಿಕೊಂಡರೆ ನಮ್ಮ ಸೋದರಮಾವ ಮಾತ್ರ ಮೆಷಿನ್ನಿನ ತಲೆಗೆ ಹಾಕುತ್ತಾರೆ! ಅವರ ಸ್ವಂತ ತಲೆ ಬೋಳು. ಅದರಲ್ಲಿ ಥ್ರೆಡ್ ಇಲ್ಲವಲ್ಲ, ಹಾಳಾಗುವುದಕ್ಕೇನಿದೆ ಎನ್ನುವುದು ಅವರ ವಾದ.

ಮಾವ ಮರ ಕಡೆಯುವವರು. ತೊಟ್ಟಿಲ ಕಾಲು, ಲಟ್ಟಣಿಗೆ, ಬುಗುರಿ, ಏನೇ ಆಗಲಿ ಅವರ ಲೇತಿನಿಂದ ದುಂಡಗಾಗಿ ಇಳಿಯುತ್ತದೆ. ಆ ಲೇತಿನಲ್ಲಿ ಗಿರ್ರನೆ ತಿರುಗುವ ಸ್ಪಿಂಡಲಿನ ಮೂತಿಗೆ ಬೋಲ್ಟಿಗಿರುವಂಥದೇ ಥ್ರೆಡ್, ಅಂದರೆ ಸುತ್ತುವ ಗೆರೆಗಳು. ಮರವನ್ನು ಕಚ್ಚಿ ಹಿಡಿಯುವ ಭಾರದ ಚಕ್ಕನ್ನು ಅದಕ್ಕೆ ತಿರುಗಿಸಿ ಕೂರಿಸಬೇಕು. ಚಕ್ಕು ಬಿಚ್ಚಿದರೆ ಮುಗಿಯಿತು, ಮಾವನಿಗೆ ಜೀವ ನಿಲ್ಲುವುದಿಲ್ಲ. ಥ್ರೆಡ್ ಬರಿಮೈಯಲ್ಲಿದೆಯಲ್ಲ! ತಕ್ಷಣ ಒಂದು ಮರದ ಮುಚ್ಚಳ ಹಾಕಿ ಬಿಗಿಯುತ್ತಾರೆ. ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಚ್ಚಳದ ಮೇಲೊಂದು ಕೆಂಪು ಉಣ್ಣೆ ಟೋಪಿ ಬೇರೆ.

"ಮದ್ವೆಯಾಗಿ ಮೂವತ್ತು ವರ್ಷ ಆಯ್ತು, ಒಂದಿನ ನನ್ಗೆ ಸ್ವೆಟರ್ ಬೇಕಾ ಅಂತ ಕೇಳಿಲ್ಲ ಈ ಮನುಷ್ಯ" ಎಂದು ಅತ್ತೆ ದೂರುತ್ತಾರೆ. ದೂರುತ್ತಲೇ ಅಳತೆ ತೆಗೆದು ಆ ಟೋಪಿ ಹೆಣೆದುಕೊಟ್ಟವರೂ ಅವರೇ.

ಈ ಕಾಯಿಲೆ ಲೇತಿನಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಶಿವಾಜಿನಗರದ ಬಸ್ಸಿನಲ್ಲಿ ಪಕ್ಕದವರು ನೀರಿನ ಬಾಟಲಿ ತೆರೆದಿಟ್ಟುಕೊಂಡಿದ್ದರೆ ಮಾವ ಸುಮ್ಮನಿರುವುದುಂಟೇ? ಥ್ರೆಡ್ಡಿಗೆ ಧೂಳು ಕೂರುತ್ತದೆ, ಮುಚ್ಚಿ ಎಂದು ಉಪದೇಶ ಶುರು. ಒಮ್ಮೆ ಒಬ್ಬರು ತಾಳಲಾರದೆ ನೀರನ್ನೆಲ್ಲ ಗಟಗಟ ಕುಡಿದು, ಖಾಲಿ ಬಾಟಲಿಯನ್ನು ಮಾವನ ಕೈಗೇ ಕೊಟ್ಟು ಇಳಿದುಹೋದರು. ಮಾವ ಸೀಟಿನ ಕೆಳಗೆ ಬಗ್ಗಿ ಅದರ ಮುಚ್ಚಳ ಹುಡುಕುತ್ತಿದ್ದರು!

ಇನ್ನೊಮ್ಮೆ ಬಾಣಸವಾಡಿಯಲ್ಲಿ ನೆಂಟರ ಮದುವೆ. ಎಲೆಗೆ ಪಾಯಸ ಬೀಳುವ ಹೊತ್ತಿಗೆ ಮುಚ್ಚಳ ಹಾಕಿದೆನೋ ಇಲ್ಲವೋ ಎಂದು ಮಾವನಿಗೆ ಅನುಮಾನ. ಎದ್ದರು, ಆಟೋ ಹತ್ತಿದರು. ಹಾಕಿಯೇ ಇತ್ತಂತೆ. ವಾಪಸು ಬರುವಷ್ಟರಲ್ಲಿ ಪಾಯಸದ ಪಾತ್ರೆ ತೊಳೆದು ಬೋರಲು ಹಾಕಿದ್ದರು. ನೆಂಟರು ಇಂದಿಗೂ ಇದನ್ನು ಹೇಳಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ, ಸ್ವಲ್ಪ ಮೆಲ್ಲಗೆ. ಈ ಹುಚ್ಚಿಗೆ ಕಾರಣ ನಾನು ಎಂಬುದು ಅವರಿಗೆ ಗೊತ್ತಿಲ್ಲ.

ಹತ್ತು ವರ್ಷದ ಹಿಂದೆ ನಾನು ಕೆಲಸ ಕಳೆದುಕೊಂಡು ಮಂಕಾಗಿ ಕೂತಿದ್ದೆ. ಮಾವ ಅಂಗಡಿಗೆ ಕರೆದು ಕೈಗೆ ಉಳಿ ಕೊಟ್ಟರು. ನಾನು ಕಡೆದ ಮೊದಲ ವಸ್ತು ಒಂದು ಕುಂಕುಮದ ಭರಣಿ. ಅದು ಎಷ್ಟು ಸೊಟ್ಟಗಿತ್ತೆಂದರೆ ಯಾವ ಮುಚ್ಚಳವೂ ಕೂರಲಿಲ್ಲ. ಅದೇ ಬೇಸರದಲ್ಲಿ ಚಕ್ಕು ಬಿಚ್ಚಿ ಎತ್ತುವಾಗ ಕೈಜಾರಿತು, ಅದರ ಅಂಚು ಥ್ರೆಡ್ಡಿಗೇ ಬಡಿಯಿತು. ಗೆರೆಗಳು ಚಪ್ಪಟೆಯಾದವು, ಚಕ್ಕು ಮತ್ತೆ ಏರಲಿಲ್ಲ. ಇದ್ದದ್ದು ಅದೊಂದೇ ಲೇತು, ಮನೆ ನಡೆಯುತ್ತಿದ್ದುದೂ ಅದರಿಂದಲೇ. ನಾಳೆಯಿಂದ ನಾನು ಬರುವುದಿಲ್ಲ ಎಂದು ಅಳುತ್ತಾ ಕೂತೆ.

"ಥ್ರೆಡ್ ಕೆಟ್ರೆ ಅರ ಹಾಕಿ ಸರಿ ಮಾಡ್ಬೋದು ಕಣಮ್ಮ. ನೀನು ಹೆದ್ರಿ ಮನೇಲಿ ಕೂತ್ರೆ ಅದ್ಕೆ ಏನ್ ಹಾಕ್ಲಿ?" ಎಂದರು ಮಾವ.

ಮೂರು ದಿನ ಸಣ್ಣ ಅರ ಹಿಡಿದು ಒಂದೊಂದೇ ಗೆರೆ ತಿದ್ದಿದರು. ಕೇಳಿದವರಿಗೆಲ್ಲ ತಮ್ಮ ಕೈಯಿಂದಲೇ ಬಿತ್ತು ಎಂದರು. ಅತ್ತೆಗೂ ಹಾಗೇ ಹೇಳಿದರು. ಮುಚ್ಚಳ ಬಂದದ್ದು ಆಮೇಲೆ. ನಾನು ಈಗಲೂ ಅದೇ ಲೇತಿನಲ್ಲಿ ಕಡೆಯುತ್ತೇನೆ, ನನ್ನ ಇವತ್ತಿನ ಅನ್ನ ಆ ಮೂರು ದಿನಗಳದ್ದು.

ಕಳೆದ ತಿಂಗಳು ಮಾವನಿಗೆ ಜ್ವರ. ಮೊದಲ ಸಲ ಆ ಮುಚ್ಚಳ ನನ್ನ ಕೈಗೆ ಬಂತು. ಬಿಚ್ಚುವಾಗ ಹಳೆಯ ಉಣ್ಣೆ ಕಿತ್ತು ಬಂತು. ಒಳಗೆ ನೋಡಿದರೆ, ಬೋರಲು ಹಾಕಿದ ನನ್ನ ಸೊಟ್ಟ ಭರಣಿ! ಹಿಡಿದುಕೊಂಡು ಮನೆಗೆ ಓಡಿದೆ. ಇದನ್ನು ಯಾಕೆ ಎಸೆಯಲಿಲ್ಲ ಎಂದು ಕೇಳಿದೆ.

ಮಾವ ಕಂಬಳಿಯಿಂದ ಮುಖ ಹೊರಹಾಕಿದರು. "ಇದ್ಕೆ ಮುಚ್ಳ ಕೂರಲ್ಲ ಅಂತ ಅಳ್ತಿದ್ಯಲ್ಲ. ಅದ್ಕೆ ಇದನ್ನೇ ಮುಚ್ಳ ಮಾಡ್ಕೊಂಡೆ. ಸರಿ, ಈಗ ಅಲ್ಲಿ ಥ್ರೆಡ್ ಹಾಗೇ ಬಿಟ್ಟು ಬಂದಿದ್ಯಾ?"

ಮೊನ್ನೆ ಬೆನ್ಸನ್ ಟೌನಿನಲ್ಲಿ ನೆಂಟರ ಮನೆಯ ಊಟ. ಎಲೆಗೆ ಪಾಯಸ ಬೀಳುತ್ತಿತ್ತು. ಈ ಸಲ ಎದ್ದು ಆಟೋ ಹತ್ತಿದವಳು ನಾನು. ಮುಚ್ಚಳ ಹಾಕಿಯೇ ಇತ್ತು. ಆದರೂ ಒಮ್ಮೆ ಮುಟ್ಟಿ ಬಂದೆ.