ಜಪಾನಿನ ಹಕ್ಕಿ, ಫ್ರಾನ್ಸಿನ ಪಿಟೀಲು ಮತ್ತು ನನ್ನ ಅನುಮಾನ

ಅನುಮಾನಪಡುವುದರಲ್ಲಿ ನನ್ನನ್ನು ಮೀರಿಸುವವರು ಚಾಮರಾಜನಗರದಲ್ಲಿ ಯಾರೂ ಇಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ. ಅದನ್ನೂ ನಾನು ಪೂರ್ತಿ ನಂಬಿಲ್ಲ. ಬಸ್ಸಿನ ಮೇಲೆ ದಪ್ಪಕ್ಷರದಲ್ಲಿ ಗುಂಡ್ಲುಪೇಟೆ ಎಂದು ಬರೆದಿದ್ದರೂ ಕಂಡಕ್ಟರನ್ನು ಕೇಳುತ್ತೇನೆ. ಅವನು ಹೂಂ ಎಂದ ಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತೇನೆ. ಹಾಲಿನವನು ನಗುನಗುತ್ತ ಮಾತಾಡಿದ ದಿನ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಇಂಥವನಿಗೆ, ಇದ್ದ ಒಬ್ಬಳೇ ಶಿಷ್ಯೆಯ ಮೇಲೆ ಅನುಮಾನ ಬಂದದ್ದು ದೊಡ್ಡ ವಿಷಯವೇನಲ್ಲ.

ನಾನು ಪಿಟೀಲು ಮೇಷ್ಟ್ರು. ಒಂದು ಕಾಲಕ್ಕೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಕ್ಕಳೆಲ್ಲ ಕೀಬೋರ್ಡು, ಕರಾಟೆ ಎಂದು ಒಬ್ಬೊಬ್ಬರಾಗಿ ಜಾರಿಕೊಂಡ ಮೇಲೆ ಉಳಿದವಳು ಮಾದೇವಿ. ಗುಂಡ್ಲುಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ, ನಲವತ್ತು ದಾಟಿದ ಹೆಂಗಸು. ಮೂರು ವರ್ಷದಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಬರುತ್ತಾಳೆ. ಅವಳೂ ಬಿಟ್ಟುಹೋದರೆ ನನ್ನನ್ನು ಮೇಷ್ಟ್ರೇ ಎನ್ನುವವರು ತರಕಾರಿ ಅಂಗಡಿಯವರು ಮಾತ್ರ. ಸುಳ್ಳೇಕೆ ಹೇಳಲಿ, ಆ ಭಯ ನನಗೆ ಇತ್ತು.

ಈಚೆಗೆ ಅವಳು ನುಡಿಸುತ್ತ ನುಡಿಸುತ್ತ ನಡುವೆ ಕಮಾನು ಎತ್ತಿ ಸುಮ್ಮನೆ ನಿಲ್ಲಿಸತೊಡಗಿದಳು. ಮೊದಲು ಮರೆವು ಅಂದುಕೊಂಡೆ. ಆಮೇಲೆ ನೋಡಿದರೆ ನಿಲ್ಲಿಸುವುದರಲ್ಲೇ ಒಂದು ಠೀವಿ! ಸರಿ, ಇವಳಿಗೆ ಮೈಸೂರಿನಲ್ಲಿ ಬೇರೆ ಮೇಷ್ಟ್ರು ಸಿಕ್ಕಿದ್ದಾನೆ ಎಂದು ತೀರ್ಮಾನಿಸಿ, ಮುಖ ಗಂಟು ಹಾಕಿಕೊಂಡು ಕೇಳಿಯೇಬಿಟ್ಟೆ.

"ಅಯ್ಯೋ, ಇನ್ನೊಬ್ರು ಮೇಷ್ಟ್ರು ಎಲ್ಲವ್ರೆ ಸಾ? ಮಿಷನ್ ತುಳೀತಾ ಮೊಬೈಲಲ್ಲಿ ಕೇಳ್ದೆ. ಜಪಾನ್‌ನೋರ ಚಿತ್ರ ನೋಡಿ ಫ್ರಾನ್ಸ್‌ನೋರು ಸಂಗೀತ ಬರೆಯೋ ರೀತೀನೇ ಬದಲಾಯಿಸ್ಬುಟ್ರಂತೆ ಕಣ್ ಸಾ, ನಡುನಡುವೆ ಖಾಲಿ ಬುಡಕ್ಕೆ ಸುರು ಮಾಡಿದ್ರಂತೆ" ಎಂದು ಫೋನು ಮುಂದೆ ಹಿಡಿದಳು. ಮರದಚ್ಚಿನಲ್ಲಿ ಒತ್ತಿದ ಚಿತ್ರ. ಮೂಲೆಯಲ್ಲಿ ಒಂದು ಕೊಂಬೆ, ಅದರ ಮೇಲೊಂದು ಹಕ್ಕಿ, ಮಿಕ್ಕಿದ್ದೆಲ್ಲ ಖಾಲಿ ಕಾಗದ.

"ಪೂರ್ತಿ ಮಾಡೇ ಇಲ್ಲವಲ್ಲಮ್ಮ. ನೀನು ಹೀಗೆ ಜಾಗ ಬಿಟ್ಟು ರವಿಕೆ ಕೊಟ್ಟರೆ ಗಿರಾಕಿ ಸುಮ್ಮನಿರುತ್ತಾಳಾ?"

"ಕಂಕುಳಲ್ಲಿ ಜಾಗ ಬುಡ್ದಿದ್ರೆ ಕೈ ಎತ್ತಕ್ಕಾಯ್ತದಾ ಸಾ?" ಎಂದಳು.

ಆಮೇಲೆ ಆ ಫ್ರಾನ್ಸಿನ ಸಂಗೀತ ಹಾಕಿದಳು. ನಾಲ್ವರು ಚಿಕ್ಕ ದೊಡ್ಡ ಪಿಟೀಲು ಹಿಡಿದು ಕುರ್ಚಿಯ ಮೇಲೆ ಕೂತು ನುಡಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ತೊಡೆಯ ಮೇಲೆ ಆದಿತಾಳ ಹಾಕಿದೆ. ಮೂರನೇ ಆವರ್ತದ ಹೊತ್ತಿಗೆ ನನ್ನ ಕೈ ಮೇಲಿತ್ತು, ಅವರು ಎಲ್ಲೋ ಇದ್ದರು. "ತಾಳ ತಪ್ಪಿದ್ದಾರೆ" ಎಂದೆ. ಅಷ್ಟರಲ್ಲಿ ಐದೇ ಸ್ವರಗಳಲ್ಲಿ ಏನೋ ಓಡಾಡಿತು. "ಇದು ನಮ್ಮ ಮೋಹನ ರಾಗ! ಕದ್ದಿದ್ದಾರೆ!" ಎಂದು ಸೆಟೆದು ಕೂತೆ. ಒಳಗಿನಿಂದ ಹೆಂಡತಿ, "ಜಪಾನಿನವರು ಫ್ರಾನ್ಸಿಗೆ ಕೊಡೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ಬಿಡಿ" ಎಂದಳು. ಇನ್ನೂ ವಿಚಿತ್ರವೆಂದರೆ, ಒಬ್ಬ ನುಡಿಸುವಾಗ ಉಳಿದ ಮೂವರು ಕಮಾನು ಇಳಿಸಿ ಅವನನ್ನೇ ನೋಡುತ್ತ ಕೂತಿದ್ದರು. "ಇವರೇನು ದಂಡಕ್ಕೆ ಕೂತಿದ್ದಾರಾ?" ಎಂದೆ.

ಮಾದೇವಿ, "ಅದೇಯ ಸಾ... ಒಂದು ದಿಸ ನೀವೂ ಅಂಗೆ ಸುಮ್ಕೆ ಕೂತ್ಕಂಡ್ರೆ ನಾನೊಬ್ಳೇ ನುಡಿಸ್ತಿದ್ದೆ" ಎಂದಳು.

ಶಿಷ್ಯರು ಶ್ರುತಿಯಿಂದ ಜಾರದಿರಲೆಂದು ಪಾಠದುದ್ದಕ್ಕೂ ಅವರ ಜೊತೆಗೇ, ಅವರಿಗಿಂತ ಜೋರಾಗಿ ನುಡಿಸುವುದು ನನ್ನ ಪದ್ಧತಿ. ಅದು ಬೇಡವೆಂದರೆ ನಾನೇ ಬೇಡವೆಂದ ಹಾಗೆ. ಹೋಗುವವಳು ಹೋಗಲಿ ಎಂದು ಪಿಟೀಲನ್ನು ಪೆಟ್ಟಿಗೆಗೆ ಹಾಕಿ, ಕೈಕಟ್ಟಿ ಕೂತೆ.

ಅವಳು ಮೋಹನದ ವರ್ಣವನ್ನೇ ಎತ್ತಿಕೊಂಡಳು. ಮೂರು ವರ್ಷದಿಂದ ಈ ವರ್ಣ ಬಂದಾಗಲೆಲ್ಲ "ಗಾಂಧಾರ ಇಳೀತಿದೆ, ಗಾಂಧಾರ!" ಎಂದು ನಾನು ಕೂಗದ ಭಾನುವಾರವಿಲ್ಲ. ಇವತ್ತೂ ಕೂಗಲು ಬಾಯಿ ತೆರೆದು ಕಾದೆ. ಗಾಂಧಾರ ಬಂತು, ಶ್ರುತಿಯಲ್ಲಿ ನೆಟ್ಟಗೆ ನಿಂತಿತು. ಮತ್ತೆ ಬಂತು, ಮತ್ತೆ ನೆಟ್ಟಗೆ. ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಇವಳು!

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಇವತ್ತು ಅಪಸ್ವರಾನೇ ಕೇಳಿಸಲಿಲ್ಲವಲ್ಲ ರೀ" ಎಂದಳು. ಮಾದೇವಿ ತಲೆ ತಗ್ಗಿಸಿ ಕಮಾನು ಒರೆಸುತ್ತಿದ್ದಳು. "ಬರೋ ವಾರ ಬತ್ತೀನಿ ಸಾ" ಎಂದು ಹೊರಟಳು. ಅವಳು ನನ್ನನ್ನು ಬಿಡುವುದಿಲ್ಲ, ಅದು ಖಾತ್ರಿಯಾಯಿತು.

ಹಾಗಾದರೆ ಮೂರು ವರ್ಷ ಇಳಿಯುತ್ತಿದ್ದುದು ಯಾರ ಗಾಂಧಾರ? ಪಿಟೀಲು ತೆಗೆದು ಒಬ್ಬನೇ ಒಂದು ಸಲ ನುಡಿಸಿದರೆ ಅನುಮಾನ ತೀರಿಹೋಗುತ್ತದೆ. ಬುಧವಾರವಾಯಿತು, ಪೆಟ್ಟಿಗೆ ಇನ್ನೂ ತೆರೆದಿಲ್ಲ.