ಆಂಟಿ ಆಕ್ಸಿಡೆಂಟ್

ಎರಡೇ ಎರಡು ಇಂಗ್ಲಿಷ್ ಪದ ಆಡಿ ನಾನು ಒಬ್ಬ ಸಜ್ಜನರ ಪ್ರಮೋಷನ್ ಹಾಳುಮಾಡಿದ್ದೇನೆ. ಅದೂ ನನಗೆ ಎರಡು ಹೊತ್ತು ಅನ್ನ ಹಾಕುತ್ತಿದ್ದವರದ್ದು. ಸುಮ್ಮನೆ ಕನ್ನಡದಲ್ಲಿ ಹೇಳಿದ್ದರೆ ಆಗುತ್ತಿತ್ತು. ಆದರೆ ಸರಳವಾಗಿ ಮುಗಿಯುವ ಕೆಲಸಕ್ಕೆ ನಾನು ಕೈಹಾಕಿದ ಉದಾಹರಣೆಯೇ ಇಲ್ಲ.

ಆಗ ನಾನು ಮುಂಬಯಿಯ ಸಯನ್ನಿನಲ್ಲಿ ಅಪ್ಪನ ಸ್ನೇಹಿತರಾದ ಶಿವರಾಮಯ್ಯನವರ ಮನೆಯಲ್ಲಿದ್ದುಕೊಂಡು ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದೆ. ಮನೆಮನೆಗೆ ಫೋನ್ ಬಂದಿರದ ಕಾಲ. ಅವರ ಹೆಂಡತಿ ಸರೋಜಮ್ಮ ಮೊದಲ ದಿನವೇ "ಚಿಕ್ಕಮ್ಮ ಅಂತ ಕರಿಯೋ ರಘು, ಆಂಟಿ ಅಂದ್ರೆ ಎದುರು ಫ್ಲಾಟಿನವಳನ್ನ ಕರೆದ ಹಾಗಿರುತ್ತೆ" ಎಂದಿದ್ದರು. ಮುಂಬಯಿಗೆ ಬಂದು ಚಿಕ್ಕಮ್ಮ ಅನ್ನುವುದೇ? ಶಿವರಾಮಯ್ಯನವರನ್ನು ಅಂಕಲ್, ಅವರನ್ನು ಆಂಟಿ ಎಂದೇ ಕರೆದೆ. ಆಂಟಿಯೂ ಸೇಡು ತೀರಿಸಿಕೊಂಡರು: "ನಿನ್ನ ಶರ್ಟಿಗೆ ಹ್ಯಾಂಗರ್ ಯಾಕೋ? ನೀನೇ ಇದ್ದೀಯಲ್ಲ!"

ಆ ಮಾತು ನಾಟಿ, ದಾದರಿನ ಒಂದು ವ್ಯಾಯಾಮಶಾಲೆ ಸೇರಿದೆ. ಮೂರನೇ ದಿನಕ್ಕೆ ಬಾಚಣಿಗೆಯನ್ನು ತಲೆಗೆ ಒಯ್ಯಲಾಗದೆ ತಲೆಯನ್ನೇ ಬಾಚಣಿಗೆಯ ಹತ್ತಿರ ತರುತ್ತಿದ್ದೆ. ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿಯಲು ಕೈ ಮೇಲೇಳದು. ಅಕ್ಕಪಕ್ಕದವರ ಒತ್ತಡದ ಮೇಲೇ ನಿಂತಿದ್ದೆ. ಆ ವಿಷಯದಲ್ಲಿ ಮುಂಬಯಿಯವರು ತುಂಬ ಉದಾರಿಗಳು. ವ್ಯಾಯಾಮಶಾಲೆಯ ಮಾಸ್ತರರು ನನ್ನನ್ನು ನೋಡಿ, "ಅಂದರ್ ಜಂಗ್ ಲಗ್ ಗಯಾ ಹೈ, ಬೇಟಾ" ಎಂದರು. ಕಸರತ್ತು ಮಾಡಿದರೆ ಮೈಯೊಳಗೆ ತುಕ್ಕು ಹಿಡಿಯುತ್ತದಂತೆ. ಅದನ್ನು ಬಿಡಿಸಲು ನೆಲ್ಲಿಕಾಯಿ, ಅರಿಶಿನ ಸೇರಿಸಿ ಮಾಡಿದ ಹೊಸ ಗುಳಿಗೆ ಬಂದಿದೆಯಂತೆ. ಅದರ ಹೆಸರೇ ಆಂಟಿ-ಆಕ್ಸಿಡೆಂಟ್. ಎಂಥ ಹೆಸರು! ಉಚ್ಚರಿಸಿದರೇ ರಟ್ಟೆ ಎರಡಿಂಚು ಉಬ್ಬಿದ ಹಾಗಾಯಿತು.

ಗುಳಿಗೆ ಸಿಗುವುದು ಸಯನ್ನಿನ ಆಸ್ಪತ್ರೆ ಎದುರಿನ ಔಷಧಿ ಅಂಗಡಿಯಲ್ಲಿ. ಸ್ಟೇಷನ್ನಿನ ಮೆಟ್ಟಿಲು ಇಳಿಯುವುದೇ ನನಗೆ ಕಷ್ಟ, ಇನ್ನು ಅಲ್ಲಿಗೆ ಹೋಗುವವರಾರು? ಮಾರನೇ ಮಧ್ಯಾಹ್ನ ಕಾರ್ಖಾನೆಯಿಂದ ಅಂಕಲ್‌ನ ಆಫೀಸಿಗೆ ಫೋನ್ ಮಾಡಿದೆ. ಅವತ್ತು ಅವರಿಗೆ ಆಫೀಸರ್ ಪ್ರಮೋಷನ್ನಿನ ಇಂಟರ್‌ವ್ಯೂ. ರಿಟೈರಾಗುವ ಮುಂಚಿನ ಕಡೇ ಅವಕಾಶ. ಬೆಳಗ್ಗೆ ದೇವರಿಗೆ ಎರಡು ಸಲ ಕೈಮುಗಿದು ಹೋಗಿದ್ದರು. ನನಗದು ಗೊತ್ತಿತ್ತು. ಗೊತ್ತಿದ್ದೂ ನನ್ನ ರಟ್ಟೆಯ ಮುಂದೆ ಬೇರೇನೂ ನೆನಪಾಗಲಿಲ್ಲ.

ಫೋನ್ ಎತ್ತಿದ್ದು ಬಿಜಾಪುರದ ಕಡೆಯ ಪ್ಯೂನ್ ದಸ್ತಗೀರ್ ಸಾಹೇಬರು. ನನ್ನ ದನಿ ಅವರಿಗೆ ಗೊತ್ತು.

"ಅಂಕಲ್‌ಗೆ ಹೇಳಿ, ಆಂಟಿ ಆಕ್ಸಿಡೆಂಟ್, ಅರ್ಜೆಂಟು!" ಎಂದು ಮೆಷಿನ್ನುಗಳ ಗದ್ದಲದ ನಡುವೆ ಕೂಗಿದೆ. "ನನಗಂತೂ ಕೈಕಾಲೇ ಆಡ್ತಿಲ್ಲ!"

"ಯಾ ಅಲ್ಲಾ! ಎಲ್ರೀ?"

"ಸಯನ್ ಆಸ್ಪತ್ರೆ..." ಎದುರಿನ ಅಂಗಡಿ ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಡಯಲ್ ಮಾಡಲು ಹೋದರೆ ಸೂಪರ್‌ವೈಸರ್ ಗುರಾಯಿಸಿದ. ಹೋಗಲಿ, ನನ್ನ ರಟ್ಟೆನೋವಿಗೆ ಇಷ್ಟು ಮರುಗುವವರೂ ಇದ್ದಾರಲ್ಲ ಎಂದು ಕಣ್ಣು ತುಂಬಿ ಬಂತು.

ಅಲ್ಲಿ ಅಂಕಲ್ ಇಂಟರ್‌ವ್ಯೂ ಕೋಣೆಯ ಹೊರಗೆ ಕುಳಿತಿದ್ದರು. ಮುಂದಿನ ಹೆಸರು ಅವರದೇ. ದಸ್ತಗೀರ್ ಸಾಹೇಬರು ಓಡಿಬಂದು, "ಸಾಹೇಬ್ರ, ನಿಮ್ಮ ಮನಿಯವರಿಗೆ ಆಕ್ಸಿಡೆಂಟ್ ಆಗೇತಂತ್ರಿ. ಸಯನ್ ಆಸ್ಪತ್ರ್ಯಾಗ ಅದಾರಂತ. ಹುಡುಗ ಕೈಕಾಲು ಆಡವಲ್ದು ಅಂತ ಒದರಾಕತ್ತಾನ್ರಿ" ಎಂದರಂತೆ. ಲೋಕಲ್ ಹಿಂದೆ ಓಡುವುದು ಸಭ್ಯರ ಲಕ್ಷಣವಲ್ಲ ಎಂದು ಯಾವಾಗಲೂ ಮುಂದಿನ ಗಾಡಿಗೆ ಕಾಯುತ್ತಿದ್ದ ಮನುಷ್ಯ, ಕೋಟು ತೊಟ್ಟುಕೊಂಡೇ ಓಡಿದರು.

ನಾನು ಸಂಜೆ ಮನೆಗೆ ಬಂದಾಗ ಆಂಟಿ ಅಂಕಲ್‌ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

"ಆಸ್ಪತ್ರೇಲಿ ಒಬ್ಬೊಬ್ಬ ಹೆಂಗಸಿನ ಮುಖಾನೂ ನೋಡ್ಕೊಂಡು ಬಂದಿದ್ದಾರೆ ಕಣೋ" ಎಂದರು. "ಬಾಗಿಲು ತೆಗೆದ್ರೆ ದೆವ್ವ ಕಂಡ ಹಾಗೆ ನನ್ನನ್ನೇ ನೋಡ್ತಾ ನಿಂತುಬಿಟ್ರು."

"ಇಂಟರ್‌ವ್ಯೂ?"

"ಹೆಸರು ಕೂಗಿದಾಗ ಇವರು ಟ್ರೇನಲ್ಲಿದ್ರು."

ನಾನು ತಡವರಿಸುತ್ತ ಗುಳಿಗೆಯ ವಿಷಯ ಹೇಳಿದೆ. ಆಂಟಿ ಎದ್ದು ಒಳಗೆ ಹೋಗಿ ಒಂದು ಡಬ್ಬ ತಂದು ನನ್ನ ಮುಂದೆ ಕುಕ್ಕಿದರು. ನೆಲ್ಲಿಪುಡಿ. ವರ್ಷಗಳಿಂದ ಅಡುಗೆಮನೆಯ ಗೂಡಿನಲ್ಲೇ ಇತ್ತಂತೆ. ಅಂಕಲ್‌ಗೆ ಎರಡು ಚಮಚ, ನನಗೆ ಒಂದು ಚಮಚ ಮಜ್ಜಿಗೆಯಲ್ಲಿ ಕಲಸಿ ಕೊಟ್ಟರು. ಮೂರು ದಿನಕ್ಕೆ ಇಬ್ಬರ ನೋವೂ ಹೋಯಿತು. ಪುಡಿ ತಿನ್ನದಿದ್ದರೂ ಮೂರು ದಿನಕ್ಕೆ ಹೋಗುತ್ತಿತ್ತೋ ಏನೋ. ಕೇಳಲು ನನಗೆ ಮುಖವಿರಲಿಲ್ಲ.

ಅಂಕಲ್ ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಅರ್ಜಿ ಕೊಟ್ಟರು. ಅವರು ಸಹಾನುಭೂತಿಯನ್ನು ಇವರಿಗೆ ಕೊಟ್ಟು ಪ್ರಮೋಷನ್ನನ್ನು ಇನ್ನೊಬ್ಬರಿಗೆ ಕೊಟ್ಟರು. ಆ ಸುದ್ದಿ ಬಂದ ದಿನ ನಾನು ಅಂಕಲ್‌ನ ಕಾಲು ಹಿಡಿದು, "ತಪ್ಪಾಯ್ತು ಚಿಕ್ಕಪ್ಪ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನು ಮತ್ತೆ ಹಾಕಿಕೊಳ್ಳದೆ ಹೇಳಿದರು:

"ಈಗ ಬಂತಾ ಬಾಯಿಗೆ ಚಿಕ್ಕಪ್ಪ? ಅವತ್ತು ಫೋನಲ್ಲಿ ನೆಲ್ಲಿಕಾಯಿ ಅಂದಿದ್ರೆ ನಾನಿವತ್ತು ಆಫೀಸರ್ ಕಣೋ."